ಗೀಟು ಎಳೆದ ಎಂಟು

ಕೊವೆಂಟ್ರಿ
೪ ಅಕ್ಟೋಬರ್ ೨೦೨೧

ಡೆಲಿಯಕ್ಕಾ,

ನನ್ನ ಅಕ್ಷರ ನೋಡಿ ಇಂಗ್ಲೆಂಡಿನಲ್ಲಿ ಯಾರೋ ಹೋದರು ಅಂದುಕೊಳ್ಳಬೇಡ. ಎಲ್ಲರೂ ಇದ್ದೇವೆ. ನನ್ನ ಉಸಿರು ಮಾತ್ರ ಅರ್ಧ ಆಗಿದೆ. ಕಾರು ಕಾರ್ಖಾನೆಯ ಬಣ್ಣದ ಶೆಡ್ಡಿನಲ್ಲಿ ದುಡಿದವರಿಗೆ ಅಷ್ಟೇ ಉಳಿಯುವುದು. ವಿಮಾನ, ಹಡಗು ಯಾವುದೂ ಇನ್ನು ಬೇಡ ಎಂದಿದ್ದಾರೆ ಡಾಕ್ಟರು.

ಎರಡು ವಿಷಯಕ್ಕೆ ಬರೆಯುತ್ತಿದ್ದೇನೆ. ಮೊಮ್ಮಗಳು ಜೇಡ್‌ಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ಪಕ್ಕದಲ್ಲಿ ಕೂತು, "ತಾತ, ನಿನ್ನ ಅಜ್ಜಿ ಹೆಸರೇನು?" ಅಂದಳು. ಹನೋರಾ ಲವೆಲ್ ಅಂದೆ. "ಅವಳ ಜೊತೆ ಯಾರ್‍ಯಾರಿದ್ರು?" ಅಂದಳು. ಅಕ್ಕನನ್ನು ಕೇಳಿ ಹೇಳುತ್ತೇನೆ ಅಂದೆ. ನೀನು ಊರಿನ ಅಂಚೆ ಕಚೇರಿಯಲ್ಲಿ ಕೂತವಳು, ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ನಿನ್ನ ನಾಲಿಗೆಯ ತುದಿಯಲ್ಲಿರುತ್ತದೆ. ತಿಳಿದಷ್ಟು ಬರೆದು ಕಳಿಸು.

ಇನ್ನೊಂದು, ಅಪ್ಪ ನನಗೆ ಬಿಟ್ಟ ಹೊಲ. ನಿನ್ನ ಅಡಿಗೆಮನೆಯ ಹಿಂದಿನದು. ನೆರೆಮನೆಯ ಬಾರ್ಟ್ಲಿ ಗಿಂಟಿ ದನದ ಶೆಡ್ಡು ಕಟ್ಟಲು ಕೇಳುತ್ತಿದ್ದಾನೆ. ಕಲ್ಲಿನ ಮೂಲೆ ಸಮೇತ ಕೊಟ್ಟುಬಿಡೋಣ ಎಂದಿದ್ದೇನೆ. ಇಲ್ಲಿಂದ ನಾನು ಅದನ್ನು ಏನು ಉಳುತ್ತೇನೆ, ಏನು ಬಿತ್ತುತ್ತೇನೆ.

ಫೆಸ್ಟಿ


ಟ್ರಾಬಾನ್, ಮೇಯೋ ಜಿಲ್ಲೆ
೧೯ ಅಕ್ಟೋಬರ್ ೨೦೨೧

ಪ್ರಿಯ ಫೆಸ್ಟಿ,

ಹನ್ನೊಂದು ವರ್ಷದ ಮೇಲೆ ತಮ್ಮನಿಗೆ ಅಕ್ಕನ ನೆನಪಾಗಬೇಕಾದರೆ ಯಾವುದೋ ಮೇಷ್ಟರು ಹೋಮ್‌ವರ್ಕ್ ಕೊಡಬೇಕಾಯಿತು. ಆ ಮೇಷ್ಟರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಕಾಗದ ಕೊಡುವಾಗ ಅಂಚೆಯವನು, "ಇಂಗ್ಲೆಂಡಿನ ಸ್ಟಾಂಪು, ಅದೂ ಕೈಬರಹ. ಯಾರಮ್ಮಾ ಈ ಪ್ರೇಮಿ?" ಎಂದು ಕೀಟಲೆ ಮಾಡಿದ. ನಾನೂ ಕಚೇರಿಯ ಕೌಂಟರಿನ ಹಿಂದೆ ಕೂತು ಎಷ್ಟೋ ಜನಕ್ಕೆ ಇಂಥ ಮಾತು ಆಡಿದವಳೇ. ಈಗ ಆ ಕಚೇರಿಗೆ ಬೀಗ ಬಿದ್ದಿದೆ. ರೇಡಿಯೋ ಬಿಟ್ಟರೆ ಇಡೀ ವಾರ ನನ್ನ ಜೊತೆ ಮಾತಾಡುವವನು ಈ ಅಂಚೆಯವನೊಬ್ಬನೇ.

ಈಗ ಹೊಲದ ಮಾತು. ಹಸು ಕೊಡುವಾಗ ಹಗ್ಗವನ್ನೂ ಕೊಡುವ ಹಾಗೆ "ಕಲ್ಲಿನ ಮೂಲೆ ಸಮೇತ" ಎಂದು ಬರೆದಿದ್ದೀಯ. ಅಲ್ಲಿ ಯಾರಿದ್ದಾರೆ ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ದೀಕ್ಷಾಸ್ನಾನವಾಗದೆ ಹೋದ ಕೂಸುಗಳಿಗೆ ಚರ್ಚಿನ ಮಣ್ಣಿನಲ್ಲಿ ಜಾಗವಿಲ್ಲ ಎಂದು ಪಾದ್ರಿಗಳು ಹೇಳುತ್ತಿದ್ದ ಕಾಲದಲ್ಲಿ, ಅಪ್ಪಂದಿರು ಪೆಟ್ಟಿಗೆ ಹೊತ್ತು ತಂದು ಹೂಳಿದ ಜಾಗ ಅದು. ಒಂದೊಂದು ಕೂಸಿಗೆ ಒಂದೊಂದು ಕಲ್ಲು, ಹೆಸರಿಲ್ಲ. ನನ್ನದೂ ಒಂದು ಅಲ್ಲಿದೆ. ೧೯೭೪ರ ಬೇಸಿಗೆಯಲ್ಲಿ ನೀನು ರಜೆಗೆ ಬಂದಿದ್ದೆ. ಮರೆತಿರಲಾರೆ.

ನನ್ನ ಗಂಡ ಈಮನ್‌ನನ್ನು ಮಣ್ಣು ಮಾಡಿ ಬಂದ ದಿನ, ಊಟದ ಮೇಜಿನಲ್ಲಿ ಹೊಲದ ಮಾತು ಬಂದಾಗ ನೀನು ಎಲ್ಲರೂ ಕೇಳುವ ಹಾಗೆ, "ಹಿಂದೆ ಮುಂದೆ ಯಾರೂ ಇಲ್ದೋಳಿಗೆ ಹೊಲ ಯಾಕೆ?" ಅಂದೆ. ಅವತ್ತಿನಿಂದ ನಾನು ನಿನಗೆ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನೀನೂ ಕೇಳಲಿಲ್ಲ.

ಆ ಮೂಲೆ ಮಾರಬೇಡ. ಉಳಿದದ್ದನ್ನು ಏನಾದರೂ ಮಾಡಿಕೋ.

ಜೇಡ್‌ಗೆ ಬೇಕಾದದ್ದನ್ನು ಹುಡುಕುತ್ತೇನೆ. ಬ್ರಿಟಿಷರ ಕಾಲದ ಜನಗಣತಿಯ ಹಾಳೆಗಳನ್ನೆಲ್ಲ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಾಕಿದ್ದಾರಂತೆ, ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದಂತೆ. ಪೇಟೆಯ ಗ್ರಂಥಾಲಯಕ್ಕೆ ಗುರುವಾರ ಹೋಗುತ್ತೇನೆ. ಅಂತೂ ಗುರುವಾರಕ್ಕೊಂದು ಕೆಲಸ ಸಿಕ್ಕಿತು.

ನಿನ್ನ ಅಕ್ಕ, ಇನ್ನೂ ಸಿಟ್ಟಿನಲ್ಲಿರುವವಳು,
ಡೆಲಿಯಾ


ಟ್ರಾಬಾನ್
೧೧ ನವೆಂಬರ್ ೨೦೨೧

ಪ್ರಿಯ ಫೆಸ್ಟಿ,

ನೀನು ಉತ್ತರ ಬರೆಯಲಿಲ್ಲ. ಹೋಗಲಿ, ಜೇಡ್ ಕಾಯುತ್ತಿರುತ್ತಾಳೆ ಎಂದು ಬರೆಯುತ್ತಿದ್ದೇನೆ.

ಗ್ರಂಥಾಲಯದಲ್ಲಿ ಯೋಲಾಂತಾ ಎಂಬ ಪೋಲೆಂಡಿನವಳಿದ್ದಾಳೆ. ಮುಖಕ್ಕೆ ಮಾಸ್ಕು, ಮೇಲೆ ಕನ್ನಡಕ, ನನಗೆ ಗೊತ್ತಿರುವುದು ಅವಳ ಹುಬ್ಬು ಮಾತ್ರ. ಲವೆಲ್ ಎಂದು ಹುಡುಕಿದೆವು, ನಮ್ಮ ಮನೆಯೇ ಇಲ್ಲ. ಹುಟ್ಟಿದ ಮನೆ ಇರಲೇ ಇಲ್ಲವೆಂದು ಯಂತ್ರ ಹೇಳಿದರೆ ಹೇಗಾಗಬೇಡ. ಯೋಲಾಂತಾ, "ಮನೆತನದ ಹೆಸರು ಬಿಟ್ಬಿಡಿ. ಊರಿನ ಹೆಸರು ಮಾತ್ರ ಹಾಕಿ, ಮನೆ ಮನೆ ಬಾಗಿಲು ತಟ್ತಾ ಹೋಗಿ" ಅಂದಳು. ಹಾಗೇ ಮಾಡಿದೆ. ಗಿಂಟಿಗಳ ಮನೆ ದಾಟಿ ಪಕ್ಕದ ಮನೆ ತೆರೆದರೆ ನಾವು. ಹಾಳೆ ನೋಡಿ ಪಟ್ಟಿ ಬರೆದವರು ಯಾರೋ ನಮ್ಮ ಮೊದಲ ಅಕ್ಷರವನ್ನು ತಪ್ಪಾಗಿ ಓದಿ "ಸವೆಲ್" ಎಂದು ಇಳಿಸಿದ್ದಾರೆ.

೧೯೦೧ರ ಹಾಳೆಯಲ್ಲಿ ತಾತ ಮಾರ್ಟಿನ್, ಅಜ್ಜಿ ಹನೋರಾ, ತಾತನ ಅಮ್ಮ ಬ್ರಿಜೆಟ್, ಮೂರು ಮಕ್ಕಳು. ೧೯೧೧ರಲ್ಲಿ ತಾತ ಇಲ್ಲ, ಅಷ್ಟರಲ್ಲಿ ದೋಣಿ ಮುಳುಗಿ ಹೋಗಿದ್ದ. ನಮ್ಮಪ್ಪ ಮೂರು ವರ್ಷದ ಮಗು. ಮುದುಕಿ ಬ್ರಿಜೆಟ್‌ಗೆ ಮೊದಲ ಹಾಳೆಯಲ್ಲಿ ಐವತ್ತನಾಲ್ಕು, ಎರಡನೆಯದರಲ್ಲಿ ಎಪ್ಪತ್ತು. ನಾನು ಲೆಕ್ಕ ತಪ್ಪಿತು ಅಂದುಕೊಂಡೆ. ಯೋಲಾಂತಾ ನಕ್ಕುಬಿಟ್ಟಳು. ನಡುವೆ ಎಪ್ಪತ್ತಾದವರಿಗೆ ಸರ್ಕಾರ ಪಿಂಚಣಿ ಕೊಡಲು ಶುರು ಮಾಡಿತಂತೆ, ಮೇಯೋದ ಮುದುಕರೆಲ್ಲ ಒಟ್ಟಿಗೆ ಮುದುಕರಾದರಂತೆ. ನಮ್ಮ ಮನೆಯವಳು ಹಿಂದೆ ಬೀಳುತ್ತಾಳೆಯೇ.

ಹಾಳೆಯ ಚಿತ್ರವನ್ನು ಉಳಿಸಿಟ್ಟು ಮನೆಗೆ ಬಂದೆ. ಮುಂದಿನ ಗುರುವಾರ ಅಚ್ಚು ಹಾಕಿಸಲು ಹೋದರೆ ಏನೂ ಇಲ್ಲ. ಯೋಲಾಂತಾ ಹುಬ್ಬು ಏರಿಸಿ, "ಉಳಿಸುವಾಗ ಅದು ಹೆಸರು ಕೇಳಿತ್ತಲ್ಲ, ಕೊಟ್ರಾ?" ಅಂದಳು. ಕೊಡಲಿಲ್ಲ ಅಂದೆ. "ಹೆಸರೇ ಇಲ್ಲದ್ದನ್ನ ಎಲ್ಲಿ ಅಂತ ಹುಡುಕ್ಲಿ? ಅದೂ ಅಲ್ದೆ ಸಂಜೆಗೆ ಎಲ್ಲಾ ಅಳಿಸಿಹೋಗುತ್ತೆ ಇಲ್ಲಿ." ಅವಳೇ ಒಂದು ಪೆನ್ ಡ್ರೈವ್ ಕೊಟ್ಟಳು. ಮತ್ತೆ ಮನೆ ಮನೆ ಬಾಗಿಲು ತಟ್ಟಿ, ಮತ್ತೆ ಹುಡುಕಿ, ಈ ಸಲ ಹೆಸರು ಕೊಟ್ಟೆ. "ನಮ್ಮ ಮನೆ" ಎಂದು.

ಅಚ್ಚು ಈ ಕಾಗದದ ಜೊತೆಗಿದೆ, ಎರಡೂ ಹಾಳೆ. ೧೯೧೧ರದ್ದನ್ನು ಅಜ್ಜಿ ತನ್ನ ಕೈಯಾರೆ ತುಂಬಿದ್ದಾಳೆ, ಕೆಳಗೆ ಸಹಿ ನೋಡು. ನನಗೆ ಅವಳ ನೆನಪೆಂದರೆ ಒಲೆಯ ಪಕ್ಕದ ಮಂಚ, ಹೊಗೆಯ ವಾಸನೆ. ಅವಳಿಗೆ ಇಷ್ಟು ದುಂಡಗೆ ಬರೆಯಲು ಬರುತ್ತಿತ್ತು ಎಂದು ಯಾರೂ ಹೇಳಿರಲಿಲ್ಲ.

ಮೂಲೆಯ ಬಗ್ಗೆ ಒಂದು ಸಾಲು ಬರೆ.

ಡೆಲಿಯಾ


ಕೊವೆಂಟ್ರಿ
೧೪ ಡಿಸೆಂಬರ್ ೨೦೨೧

ಅಕ್ಕಾ,

ಕ್ರಿಸ್‌ಮಸ್‌ಗೆ ಒಳ್ಳೆಯದಾಗಲಿ. ಜೇಡ್ ಹಾಳೆಗಳನ್ನು ಶಾಲೆಗೆ ಕೊಂಡುಹೋದಳು, ಮೇಷ್ಟರು ಗೋಡೆಗೆ ಹಚ್ಚಿದರಂತೆ. ಬ್ರಿಜೆಟ್ ಮುದುಕಿಯ ವಯಸ್ಸಿಗೆ ಎಲ್ಲರೂ ನಕ್ಕರಂತೆ. ನಾನೂ ನಕ್ಕೆ, ಕೆಮ್ಮು ಬಂತು.

ಬಾರ್ಟ್ಲಿ ಏಪ್ರಿಲ್‌ನಲ್ಲಿ ಜೆಸಿಬಿ ತರಿಸುತ್ತಾನಂತೆ. ಮೂಲೆ ಬಿಟ್ಟರೆ ಶೆಡ್ಡಿಗೆ ಗಾಡಿ ತಿರುಗುವುದಿಲ್ಲ ಎನ್ನುತ್ತಾನೆ. ಅಲ್ಲಿರುವುದು ಕಲ್ಲು, ಅಕ್ಕಾ. ಅಷ್ಟು ವರ್ಷದ ಮೇಲೆ ಕೆಳಗೆ ಏನೂ ಇರುವುದಿಲ್ಲ. ಆ ವಿಷಯ ಕೆದಕುವುದು ಬೇಡ.

ಫೆಸ್ಟಿ


ಟ್ರಾಬಾನ್
೮ ಜನವರಿ ೨೦೨೨

ಪ್ರಿಯ ಫೆಸ್ಟಿ,

ಕೆದಕುವುದು ಬೇಡ ಎಂದು ಬರೆದಿದ್ದೀಯ. ಕೆದಕಲು ಹೊರಟಿರುವುದು ಬಾರ್ಟ್ಲಿಯ ಜೆಸಿಬಿ, ನಾನಲ್ಲ.

ಕ್ರಿಸ್‌ಮಸ್ ದಿನ ಒಬ್ಬಳಿಗೆ ಇಡೀ ಕೋಳಿ ಬೇಯಿಸಿ, ಮೂರು ದಿನ ಅದನ್ನೇ ತಿಂದೆ. ಮಾತಾಡಲು ಜನವಿಲ್ಲದೆ ೧೯೧೧ರ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದೆ. ಅಜ್ಜಿಯ ಸಾಲಿನ ಬಲತುದಿಗೆ ಮೂರು ಚಿಕ್ಕ ಚೌಕಗಳಿವೆ. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಆ ಚೌಕಗಳಲ್ಲಿ ಏನೋ ಕಪ್ಪಗೆ ಕಾಣುತ್ತಿತ್ತು. ಗುರುವಾರ ಯೋಲಾಂತಾಳ ಮುಂದೆ ಕೂತು ಮೂಲ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದೆ. ಅಜ್ಜಿ "ಹದಿನಾರು, ಎಂಟು, ಐದು" ಎಂದು ಬರೆದಿದ್ದಾಳೆ. ಮೇಲೆ ಬೇರೆ ಶಾಯಿಯಲ್ಲಿ ಅಡ್ಡ ಗೀಟು ಬಿದ್ದಿದೆ.

ಯೋಲಾಂತಾ ವಿವರಿಸಿದಳು. ಆ ಪ್ರಶ್ನೆ ಗಂಡ ಬದುಕಿರುವ ಹೆಂಗಸರಿಗೆ ಮಾತ್ರ. ವಿಧವೆಯರನ್ನು ಸರ್ಕಾರ ಕೇಳಿರಲೇ ಇಲ್ಲ. ತಿಳಿಯದೆ ಬರೆದ ವಿಧವೆಯರು ಈ ದೇಶದಲ್ಲಿ ಬಹಳ ಮಂದಿಯಂತೆ. ಹಾಳೆ ಒಯ್ಯಲು ಬಂದ ಪೊಲೀಸ್ ಪೇದೆ, "ನಿನ್ನನ್ನ ಯಾರು ಕೇಳಿದ್ರು?" ಎಂದು ಗೀಟು ಎಳೆದು ಹೋಗುತ್ತಿದ್ದ. ಪಟ್ಟಿ ಇಳಿಸಿದವರು ಗೀಟು ಹೊಡೆದದ್ದನ್ನು ಇಳಿಸಲಿಲ್ಲ. ಪಟ್ಟಿಯಲ್ಲಿ ಆ ಜಾಗ ಖಾಲಿ. ಚಿತ್ರದಲ್ಲಿ ಮಾತ್ರ ಗೀಟಿನ ಕೆಳಗೆ ಎಂಟು ಹಾಗೇ ಇದೆ.

ನಮಗೆ ಗೊತ್ತಿದ್ದದ್ದು ಐದು. ಉಳಿದ ಮೂರರ ಸೊಲ್ಲನ್ನು ಅಪ್ಪನೂ ಎತ್ತಲಿಲ್ಲ. ಅವೆಲ್ಲಿವೆ ಎಂದು ನಾನು ಹೇಳಬೇಕಾಗಿಲ್ಲ, ನನ್ನ ಕಿಟಕಿಯಿಂದ ಕಾಣುತ್ತದೆ. ಗಂಡ ಹೋಗಿದ್ದಾನೆ, ಮನೆತುಂಬ ಮಕ್ಕಳು, ಬಾಗಿಲಲ್ಲಿ ಪೇದೆ. ಯಾರೂ ಕೇಳದಿದ್ದರೂ ಅವಳು ಲೆಕ್ಕ ಒಪ್ಪಿಸಿದ್ದಾಳೆ, ಫೆಸ್ಟಿ. ಹುಟ್ಟಿದ್ದು ಎಂಟು.

ನನಗೆ ಎಪ್ಪತ್ತೆರಡು. ಮಕ್ಕಳೆಷ್ಟು ಎಂದು ಕೇಳಿದವರಿಗೆಲ್ಲ ಇಲ್ಲ ಎನ್ನುತ್ತಲೇ ಬಂದಿದ್ದೇನೆ. ಗ್ರಂಥಾಲಯದಿಂದ ಬರುವಾಗ ಬಸ್ಸಿನಲ್ಲಿ ಅತ್ತೆ, ಜನರ ಮುಂದೆಯೇ. ಮಾಸ್ಕು ಒದ್ದೆಯಾಯಿತು.

ಅದಕ್ಕೇ ಈಗ ಕೇಳುತ್ತೇನೆ. ಆಸ್ಪತ್ರೆಯಲ್ಲಿ ನನಗೆ ಕೂಸನ್ನು ತೋರಿಸಲಿಲ್ಲ. "ನೋಡ್ಬೇಡಮ್ಮ, ಮರೆಯೋದು ಸುಲಭ ಆಗುತ್ತೆ" ಅಂದರು. ಮನೆಗೆ ಬರುವಷ್ಟರಲ್ಲಿ ಅಪ್ಪ, ಈಮನ್, ನೀನು ಸೇರಿ ಕೆಲಸ ಮುಗಿಸಿದ್ದಿರಿ. ಎಲ್ಲಿ ಎಂದು ಈಮನ್‌ನನ್ನು ಒಮ್ಮೆ ಕೇಳಿದೆ. ಅವನು ಎದ್ದು ಹೊರಗೆ ಹೋದ, ಕತ್ತಲಾದರೂ ಬರಲಿಲ್ಲ. ಮತ್ತೆ ಕೇಳಲಿಲ್ಲ. ಅಪ್ಪ ಹೋದ, ಈಮನ್ ಹೋದ. ತಿಳಿದವನು ಉಳಿದಿರುವುದು ನೀನೊಬ್ಬನೇ, ನಿನಗೂ ಉಸಿರು ಅರ್ಧ.

ಅಷ್ಟು ಕಲ್ಲುಗಳಲ್ಲಿ ನನ್ನದು ಯಾವುದು? ಬಾರ್ಟ್ಲಿ ಬರುವುದರೊಳಗೆ ಹೇಳು.

ಡೆಲಿಯಾ


ಟ್ರಾಬಾನ್
೧೭ ಫೆಬ್ರವರಿ ೨೦೨೨

ಫೆಸ್ಟಿ,

ಅಂಚೆಯವನು ಈಗ ಗೇಟಿನಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಾನೆ. ಪ್ರೇಮಿಯ ತಮಾಷೆ ನಿಲ್ಲಿಸಿದ್ದಾನೆ. ಅವನಿಗೂ ಪಾಪ ಅನ್ನಿಸಿರಬೇಕು.

ಫೋನು ಮಾಡಬಹುದಿತ್ತು, ನಂಬರು ಇದೆ. ಎರಡು ಸಲ ಒತ್ತಿ ಇಟ್ಟೆ. ನೀನು ಎತ್ತಿ, ಅವತ್ತು ಮೇಜಿನಲ್ಲಿ ಆಡಿದ ದನಿಯಲ್ಲೇ ಮಾತಾಡಿದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಕಾಗದಕ್ಕಾದರೆ ದನಿ ಇಲ್ಲ.

ಸಂತ ಬ್ರಿಜಿಡಳ ಹಬ್ಬಕ್ಕೆ ವಾಡಿಕೆಯಂತೆ ಜೊಂಡು ಕಿತ್ತು ಶಿಲುಬೆ ಹೆಣೆದೆ. ಒಂದು ಬಾಗಿಲಿಗೆ ಕಟ್ಟಿದೆ. ಇನ್ನೊಂದನ್ನು ಹಿಡಿದುಕೊಂಡು ಮೂಲೆಗೆ ಹೋಗಿ ನಿಂತೆ. ಎಲ್ಲಿ ಇಡಬೇಕು ಎಂದು ತಿಳಿಯದೆ ವಾಪಸು ತಂದೆ. ಅದು ಅಡಿಗೆಮನೆಯ ಮೇಜಿನ ಮೇಲೆ ಒಣಗುತ್ತಿದೆ.

ಬಾರ್ಟ್ಲಿ ಬೇಲಿಗೆ ಗೂಟ ಹೊಡೆದು ಹೋಗಿದ್ದಾನೆ.

ಡೆ.


ಕೊವೆಂಟ್ರಿ
೧೪ ಮಾರ್ಚ್ ೨೦೨೨

ಅಕ್ಕಾ,

ಆಸ್ಪತ್ರೆಯಲ್ಲಿದ್ದೆ, ಅದೊಂದು ಕಾರಣ. ಆದರೆ ನಿನ್ನ ಕಾಗದ ಬಂದಾಗ ಮನೆಯಲ್ಲೇ ಇದ್ದೆ. ಕೈ ಬರಲಿಲ್ಲ.

ಅವತ್ತು ಬೆಳಗಿನ ಜಾವ ಹೋದೆವು. ಬೆಣ್ಣೆ ಬರುವ ಪೆಟ್ಟಿಗೆಯನ್ನು ಅಪ್ಪ ಚೊಕ್ಕ ಮಾಡಿದ್ದ. ಈಮನ್ ಗೇಟಿನವರೆಗೆ ಬಂದ. ಮುಂದೆ ಕಾಲು ಎತ್ತಲಾಗಲಿಲ್ಲ ಅವನಿಗೆ, ಗೋಡೆಯ ಮೇಲೆ ಕೂತುಬಿಟ್ಟ. ಅದಕ್ಕೇ ಅವನು ನಿನಗೆ ಹೇಳಲಿಲ್ಲ. ಅವನಿಗೂ ಯಾವ ಕಲ್ಲು ಎಂದು ಗೊತ್ತಿರಲಿಲ್ಲ, ಕೇಳಲು ನಾಚಿಕೆ. ಪೆಟ್ಟಿಗೆ ನನ್ನ ಕೋಟಿನ ಒಳಗಿತ್ತು. ನನಗೆ ಇಪ್ಪತ್ತೊಂದು. ನಾನೇ ಹೊತ್ತೆ.

ಗುಂಡಿ ಮುಚ್ಚಿದ ಮೇಲೆ ಅಪ್ಪ ಹೊಲದ ಕಲ್ಲೊಂದನ್ನು ಇಡಲು ಹೋದ. ನಾನು ಬೇಡ ಅಂದೆ. ಕಡಲತೀರಕ್ಕೆ ಹೋಗಿ ಬಿಳಿ ಕಲ್ಲು ತಂದೆ, ರೊಟ್ಟಿಯಷ್ಟು ದೊಡ್ಡದು. ಅಲ್ಲಿ ಬಿಳಿಯದು ಅದೊಂದೇ. ಮುಳ್ಳಿನ ಮರದ ಬುಡದಿಂದ ಮನೆಯ ಕಡೆಗೆ ಬಂದರೆ ಸಿಗುತ್ತದೆ. ಚಪ್ಪಟೆ ಮುಖವನ್ನು ನಿನ್ನ ಅಡಿಗೆಮನೆಯ ಕಿಟಕಿಗೆ ತಿರುಗಿಸಿ ಇಟ್ಟೆ. ಮಣ್ಣಿನಲ್ಲಿ ಇಳಿದಿರಬಹುದು, ಹುಲ್ಲು ಮುಚ್ಚಿರಬಹುದು. ಅಗೆದು ನೋಡು.

ಇದನ್ನು ಹೊತ್ತುಕೊಂಡೇ ನಾನು ಆ ಮೇಜಿನಲ್ಲಿ ಆ ಮಾತು ಆಡಿದೆ. ಎರಡು ಗ್ಲಾಸು ಒಳಗಿತ್ತು ಎಂದು ಹೇಳಿದರೆ ನೀನು ಉಗಿಯುತ್ತೀಯ. ಉಗಿ.

ಕೂಸನ್ನು ತೋರಿಸಲಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ಇದೂ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಅಪ್ಪ ತನ್ನ ಜಪಮಾಲೆ ಒಳಗಿಡಲು ಮುಚ್ಚಳ ತೆಗೆದಾಗ ನೋಡಿದೆ. ಹೆಣ್ಣು ಮಗು. ತಲೆತುಂಬ ಕಪ್ಪು ಕೂದಲು, ನಿನ್ನ ಹಾಗೆ.

ಬಾರ್ಟ್ಲಿಗೆ ಫೋನು ಮಾಡಿ ಮೂಲೆ ಕೊಡುವುದಿಲ್ಲ, ಬೇಕಾದರೆ ಉಳಿದದ್ದು ತೆಗೆದುಕೋ ಅಂದೆ. ಕಾರಣವನ್ನೂ ಹೇಳಿದೆ. ಅದಕ್ಕೆ ಅವನು, "ಮೊದಲೇ ಹೇಳ್ಬಾರ್ದಿತ್ತೇನಪ್ಪಾ. ನಮ್ಮಮ್ಮಂದೂ ಎರಡು ಅಲ್ಲೇ ಇವೆ. ನಿಮ್ಮನೇಲಿ ಯಾರೂ ಎತ್ತಲ್ಲ ಅಂತ ನಾನೂ ಎತ್ತಲಿಲ್ಲ" ಅಂದ. ಶೆಡ್ಡನ್ನು ರಸ್ತೆಯ ಕಡೆಗೆ ಸರಿಸುತ್ತಾನಂತೆ.

ಫೆಸ್ಟಿ


ಟ್ರಾಬಾನ್
ಭಾನುವಾರ, ೩ ಏಪ್ರಿಲ್ ೨೦೨೨

ಪ್ರಿಯ ಫೆಸ್ಟಿ,

ಕಾಗದವನ್ನು ಗೇಟಿನಲ್ಲೇ ನಿಂತು ಓದಿದೆ. ಅಂಚೆಯವನು ಹೋಗದೆ ನಿಂತಿದ್ದ. "ಯಾರಾದ್ರೂ ಹೋದ್ರಾ, ಡೆಲಿಯಾ?" ಅಂದ. ಇಲ್ಲ, ಹುಟ್ಟಿತು ಅಂದೆ. ಅವನಿಗೆ ಏನು ಅರ್ಥವಾಯಿತೋ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕುಡುಗೋಲು, ಗುದ್ದಲಿ ತೆಗೆದುಕೊಂಡು ಹೋದೆ. ಮುಳ್ಳಿನ ಮರದಿಂದ ಮನೆಯ ಕಡೆ. ಗೇಣುದ್ದ ಹುಲ್ಲಿನ ಬೇರಿನ ಕೆಳಗೆ ಸಿಕ್ಕಿತು. ಬಕೆಟ್ಟಿನಲ್ಲಿ ನೀರು ತಂದು ತೊಳೆದೆ, ಬೆಳ್ಳಗೆ ಹೊಳೆಯಿತು. ಇಷ್ಟು ವರ್ಷ ಬಟ್ಟೆ ಒಣಹಾಕುವಾಗ ನಾನು ಅದರ ಮುಂದೆಯೇ ನಿಲ್ಲುತ್ತಿದ್ದೆ, ಫೆಸ್ಟಿ. ಎದುರಿಗೇ. ಒಣಗಿದ ಶಿಲುಬೆಯನ್ನು ಅಲ್ಲಿ ಇಟ್ಟೆ. ಆಮೇಲೆ ನಿನ್ನನ್ನು ಚೆನ್ನಾಗಿ ಉಗಿದೆ, ನೀನೇ ಹೇಳಿದ್ದೆಯಲ್ಲ. ಉಗಿದು ಮುಗಿಯಿತು.

ಈಮನ್ ಗೋಡೆಯ ಮೇಲೆ ಕೂತದ್ದನ್ನು ಓದಿದ ಮೇಲೆ ಅವನ ಮೇಲಿದ್ದ ಕೋಪವೂ ಹೋಯಿತು. ಅದು ಹೋದ ಮೇಲೆ ಮನೆ ಇನ್ನೂ ಖಾಲಿ ಅನ್ನಿಸುತ್ತದೆ. ಅವನ ಜೊತೆ ಮನಸ್ಸಿನಲ್ಲೇ ಜಗಳವಾಡುವುದೂ ಒಂದು ಜೊತೆಯಾಗಿತ್ತು.

ಇವತ್ತು ಈ ದೇಶದಲ್ಲಿ ಜನಗಣತಿಯ ರಾತ್ರಿ. ಊಟಕ್ಕೆ ಮುಂಚೆ ಹಾಳೆ ತುಂಬಿದೆ. ಮನೆಯಲ್ಲಿರುವವರು ಒಬ್ಬರು. ಹೆಸರು, ವಯಸ್ಸು, ವಿಧವೆ. ಮಕ್ಕಳ ಪ್ರಶ್ನೆ ಹುಡುಕಿದೆ, ನನಗೆ ಕಾಣಲಿಲ್ಲ. ಆದರೆ ಕೊನೆಯಲ್ಲಿ ಈ ಸಲ ಒಂದು ಖಾಲಿ ಚೌಕ ಬಿಟ್ಟಿದ್ದಾರೆ. ಬೇಕಾದವರು ಬೇಕಾದ್ದನ್ನು ಬರೆಯಬಹುದು. ನೂರು ವರ್ಷದ ಮೇಲೆ ತೆರೆಯುತ್ತಾರಂತೆ, ಅಲ್ಲಿಯವರೆಗೆ ಯಾರೂ ನೋಡುವಂತಿಲ್ಲ. ಜೇಡ್‌ಳ ಮೊಮ್ಮಕ್ಕಳು ಯಾರಾದರೂ ಊರಿನ ಹೆಸರು ಹಾಕಿ ಮನೆ ಮನೆ ಬಾಗಿಲು ತಟ್ಟುತ್ತಾ ಬಂದರೆ ಸಿಗುತ್ತದೆ.

ಅಜ್ಜಿಯ ಹಾಗೆ ದುಂಡಗೆ ಬರೆದೆ. "ಹುಟ್ಟಿದ್ದು ಒಂದು, ಹೆಣ್ಣು. ಬದುಕಿರುವುದು ಇಲ್ಲ. ಮನೆಯ ಹಿಂದೆ, ಮುಳ್ಳಿನ ಮರದ ಹತ್ತಿರ, ಬಿಳಿ ಕಲ್ಲು. ತಮ್ಮ ಇಟ್ಟದ್ದು."

ಮೊದಲ ಸಾಲಿನಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಹೆಸರು ಕೊಡದೆ ಉಳಿಸಿದರೆ ಏನಾಗುತ್ತದೆ ಎಂದು ಗ್ರಂಥಾಲಯದಲ್ಲಿ ಕಲಿತಿದ್ದೇನೆ. ಅವಳನ್ನು ನೋಡಿದವನು ನೀನು. ಯಾವ ಹೆಸರು ಒಪ್ಪುತ್ತಿತ್ತು ಎಂದು ನಿನಗೇ ಗೊತ್ತು.

ಗಣತಿಯವರು ಹಾಳೆ ಒಯ್ಯಲು ಮುಂದಿನ ಶುಕ್ರವಾರ ಬರುತ್ತಾರೆ. ಅಷ್ಟರೊಳಗೆ ನಿನ್ನ ಕಾಗದ ತಲುಪುವುದಿಲ್ಲ, ಅಂಚೆಯ ಗತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇದು ಕೈಗೆ ಸಿಕ್ಕಿದ ದಿನವೇ ಫೋನು ಮಾಡು. ನಾನು ಎತ್ತುತ್ತೇನೆ.

ಕಿಟಕಿಯ ಪಕ್ಕದಲ್ಲಿ ಕೂತು,
ನಿನ್ನ ಅಕ್ಕ ಡೆಲಿಯಾ